ಕೆರೆಯೂ ನೆರೆಯೂ

2019ನೆಯ ಇಸವಿಯ ನವೆಂಬರ್ 24, ಭಾನುವಾರ. ಅದು ಮಳೆ ಸುರಿದ ದಿನವಲ್ಲ. ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟದ ರಸ್ತೆಯ ಮಗ್ಗುಲಿಗಿರುವ ಹುಳಿಮಾವು ಕೆರೆಯ ಏರಿ ಬಿರಿದು, ಒಳಗಿದ್ದ ನೀರು ಏರಿಯ ಕೆಳಗಿನ ಬಡಾವಣೆಗಳಿಗೆ ನುಗ್ಗಿತು. ನೂರಾರು ಮನೆಗಳ ನೆಲ ಕೆಸರಾಯಿತು. ಮಕ್ಕಳನ್ನೂ ಮುದುಕರನ್ನೂ ದೋಣಿಗಳಲ್ಲಿ ಕೂರಿಸಿ ಹೊರಗೆ ತರಬೇಕಾಯಿತು. ಏರಿಯ ಬಳಿ ಯಂತ್ರದಿಂದ ಮಣ್ಣು ಅಗೆದದ್ದೇ ಇದಕ್ಕೆ ಕಾರಣವೆಂದು ಪತ್ರಿಕೆಗಳು ಬರೆದವು. ಅದಕ್ಕೆ ಎರಡು ವಾರ ಮೊದಲು, ಅದೇ ತಿಂಗಳ 10ರಂದು, ಹೊಸಕೆರೆಹಳ್ಳಿಯ ಕೆರೆಯ ಏರಿಯೂ ಒಡೆದಿತ್ತು.

ಸುದ್ದಿ ಓದಿದ ನನ್ನ ಸಹೋದ್ಯೋಗಿಯೊಬ್ಬರು ಮರುದಿನ ಕಾಲೇಜಿನಲ್ಲಿ ಒಂದು ಪ್ರಶ್ನೆ ಕೇಳಿದರು: “ಹೊಳೆಯಿಲ್ಲದ ಊರಿನಲ್ಲಿ ಪ್ರವಾಹವೆಂದರೆ ಏನಯ್ಯ? ಈ ಕೆರೆಗಳಿರುವುದರಿಂದಲೇ ಅಲ್ಲವೆ ಈ ಗೋಳು?” ಕೇಳಿದವರು ಗಣಿತದ ಮೇಷ್ಟರು, ನಾನು ಕನ್ನಡದವನು. ಶಾಸನ ಓದಿಸುವ ಪಾಠದಲ್ಲಿ ಕೆರೆ, ತೂಬು, ಕೋಡಿ ಎಂಬ ಮಾತುಗಳು ಬಂದಾಗ ಅರ್ಥ ಹೇಳಿ ಮುಂದೆ ಸಾಗುವುದು ನನ್ನ ರೂಢಿ. ಅಂದು ಅವರಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ಹುಡುಕಿಕೊಂಡು ಹೋದದ್ದೇ ಈ ಲೇಖನಕ್ಕೆ ಮೂಲ.

ಕನ್ನಡದಲ್ಲಿ ‘ನೆರೆ’ ಎಂದರೆ ಪ್ರವಾಹ. ‘ನೆರೆ’ ಎಂದರೆ ಪಕ್ಕದವನೂ ಹೌದು. ಎರಡಕ್ಕೂ ಮೂಲ ಒಂದೇ ಎಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಬೆಂಗಳೂರಿನ ಮಟ್ಟಿಗೆ ಇವೆರಡೂ ಬೇರೆಯಲ್ಲ. ಇಲ್ಲಿ ನೆರೆಯ ನೀರು ಬರುವುದು ದೂರದ ಹೊಳೆಯಿಂದಲ್ಲ, ಮೇಲಿನ ನೆರೆಯವನಿಂದ.

ಊರಿನ ನೆಲದ ಆಕಾರವನ್ನು ಸ್ವಲ್ಪ ನೆನೆಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಒಂದು ದಿಣ್ಣೆಯ ಮೇಲೆ ಕುಳಿತಿದೆ. ಮಳೆಯ ನೀರು ಇಲ್ಲಿಂದ ಮೂರು ಕಣಿವೆಗಳ ಕಡೆಗೆ ಇಳಿಯುತ್ತದೆ. ವೃಷಭಾವತಿಯ ಕಣಿವೆಯ ನೀರು ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟದ ಕಣಿವೆ, ಹೆಬ್ಬಾಳದ ಕಣಿವೆ ಇವೆರಡರ ನೀರು ದಕ್ಷಿಣ ಪಿನಾಕಿನಿಗೆ. ಈ ಇಳಿಜಾರುಗಳಿಗೆ ಅಡ್ಡಲಾಗಿ ಹಿಂದಿನವರು ಮಣ್ಣಿನ ಒಡ್ಡುಗಳನ್ನು ಒಂದರ ಕೆಳಗೊಂದರಂತೆ ಹಾಕಿದರು. ಹುಳಿಮಾವಿನ ಹೆಚ್ಚುವರಿ ನೀರು ಅರಕೆರೆಗೆ, ಅಲ್ಲಿಂದ ಮಡಿವಾಳದ ಕೆರೆಗೆ, ಮಡಿವಾಳದಿಂದ ಆಗರಕ್ಕೆ, ಆಗರದಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ ಹೋಗುವುದು. ಮದುವೆಮನೆಯಲ್ಲಿ ಸಾಲಾಗಿ ನಿಂತು ನೀರಿನ ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ನಡುವೆ ಒಬ್ಬನು ಕೈಬಿಟ್ಟರೆ ಮುಂದಿನವನ ಕಾಲ ಮೇಲೆ ಬಿಂದಿಗೆ.

ಕೆರೆಯ ಏರಿ ನೋಡಲು ಬಹಳ ಸಾಮಾನ್ಯವಾದ ವಸ್ತು. ಮಣ್ಣಿನ ದಿಬ್ಬ, ನೀರಿನ ಕಡೆಯ ಮೈಗೆ ಕಲ್ಲಿನ ಹಾಸು, ಮೇಲೆ ಬಂಡಿ ಹೋಗುವಷ್ಟು ದಾರಿ. ಅದರ ಒಡಲಲ್ಲಿ ಎರಡು ಬಾಯಿಗಳಿರುತ್ತವೆ. ಒಂದು ತೂಬು: ಬೇಕೆಂದಾಗ ತೆರೆದು ಗದ್ದೆಗೆ ನೀರು ಬಿಡುವ ಬಾಯಿ. ಇನ್ನೊಂದು ಕೋಡಿ: ಏರಿಯ ಕೊನೆಯಲ್ಲಿ, ಏರಿಗಿಂತ ತಗ್ಗಾಗಿ ಕಲ್ಲಿನಲ್ಲಿ ಕಟ್ಟಿದ, ಹೆಚ್ಚಾದ ನೀರು ತಾನಾಗಿಯೇ ಹೊರಬೀಳುವ ಜಾಗ. ತೂಬು ಮನುಷ್ಯನ ಇಚ್ಛೆ, ಕೋಡಿ ನೀರಿನ ಇಚ್ಛೆ ಎನ್ನಬಹುದು. ಕಲ್ಲಿನ ಅಣೆಕಟ್ಟಿನ ಮೇಲೆ ನೀರು ಹಾರಿ ಬಿದ್ದರೂ ಅದು ತಡೆದೀತು. ಮಣ್ಣಿನ ಏರಿಗೆ ಆ ಶಕ್ತಿಯಿಲ್ಲ. ಒಂದು ಕಡೆ ಗೇಣಗಲ ನೀರು ಏರಿಯನ್ನು ದಾಟಿದರೆ ಸಾಕು, ಹಿಂಬದಿಯ ಮಣ್ಣನ್ನು ಕೊರೆಯುತ್ತ ಬಂದು ಸ್ವಲ್ಪ ಹೊತ್ತಿನಲ್ಲಿಯೇ ಏರಿಯನ್ನು ಸೀಳಿಬಿಡುತ್ತದೆ. ಇಲಿ ಹೆಗ್ಗಣಗಳ ಬಿಲ, ಒಣಗಿದ ಮರದ ಬೇರು ಬಿಟ್ಟ ತೂತು, ಇವುಗಳಿಂದಲೂ ನೀರು ಒಳಗೊಳಗೇ ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಏರಿಯ ಆಯುಸ್ಸು ಇರುವುದು ಅದರ ದಪ್ಪದಲ್ಲಿ ಎಷ್ಟೋ ಅಷ್ಟೇ ಕೋಡಿಯಲ್ಲಿ.

ಈ ತಿಳಿವಳಿಕೆ ನಮ್ಮವರಿಗೆ ಹಳೆಯದು. ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣುವ ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 890ರದು. ಹೆಚ್ಚುಕಡಮೆ ಅದೇ ಕಾಲದ, ಗಂಗರ ಆಳಿಕೆಯ ಆಗರದ ಶಾಸನವೊಂದರಲ್ಲಿ ಎರಡು ಕೆರೆಗಳಿಗೆ ತೂಬು ಇಡಿಸಿ ಇನ್ನೊಂದು ಕೆರೆಯನ್ನು ಕಟ್ಟಿಸಿದ ಸಂಗತಿ ಬರುತ್ತದೆ. ಇದೇ ಆಗರದ ನೆರೆಯಲ್ಲಿ ಇಂದು ಹೊರವರ್ತುಲ ರಸ್ತೆಯ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಕೆರೆ ಕಟ್ಟಿದವನಿಗೆ ಅದರ ಕೆಳಗೆ ಬಿತ್ತುವಟ್ಟವೆಂದು ಭೂಮಿ ಬಿಡುತ್ತಿದ್ದರು. ಹೂಳನ್ನು ಹೊತ್ತು ಹಾಕುವ ಕೆರೆಯ ಬಂಡಿಗೆಂದೇ ದತ್ತಿ ಬಿಟ್ಟ ಶಾಸನಗಳು ನಾಡಿನಲ್ಲಿ ಹಲವಿವೆ. ಕೆರೆ ಕಟ್ಟಿಸಿದ್ದು ಪುಣ್ಯಕ್ಕಾಗಿ ಎಂದು ನಾವು ಪಾಠ ಹೇಳುತ್ತೇವೆ. ಬಂಡಿಗೆ ದತ್ತಿ ಬಿಟ್ಟದ್ದು ಲೆಕ್ಕ ಬಲ್ಲವರ ಕೆಲಸವೆಂಬುದನ್ನೂ ಹೇಳಬೇಕು.

ಈಗ ಆಂಧ್ರದ ಕಡಪ ಸೀಮೆಯಲ್ಲಿರುವ ಪೋರುಮಾಮಿಳ್ಳದ ಶಾಸನವನ್ನು ಇಲ್ಲಿ ನೆನೆಯದಿರಲಾಗದು. 1369ರದು. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಕವಿ ಅಷ್ಟಕ್ಕೇ ನಿಲ್ಲದೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಎಣಿಸಿದ್ದಾನೆ. ಏರಿ ಒಸರುವುದು ಒಂದು ದೋಷ; ಚೌಳು ನೆಲ ಒಂದು; ಎರಡು ರಾಜ್ಯಗಳ ಗಡಿಯಲ್ಲಿರುವುದು ಒಂದು; ಕೆರೆಯ ನಡುವೆ ದಿಬ್ಬವಿರುವುದು ಒಂದು. ಉಳಿದೆರಡು ಸ್ವಾರಸ್ಯವಾದವು. ನೀರು ಕಡಮೆಯಾಗಿ ಜಾಗ ಹೆಚ್ಚಾಗಿರುವುದು ಒಂದಾದರೆ, ನೀರು ಹೆಚ್ಚಾಗಿ ಜಾಗ ಕಡಮೆಯಾಗಿರುವುದು ಇನ್ನೊಂದು. ಕೊನೆಯದನ್ನು ಓದಿದಾಗಲೆಲ್ಲ ನನಗೆ ಇಂದಿನ ಬೆಂಗಳೂರಿನ ನೆನಪಾಗುತ್ತದೆ.

1537ರಲ್ಲಿ ಕೆಂಪೇಗೌಡರು ಕೋಟೆ ಪೇಟೆಗಳನ್ನು ಕಟ್ಟಿದರೆಂದು ಎಣಿಕೆ. ಕೆಂಪಾಂಬುಧಿ, ಧರ್ಮಾಂಬುಧಿ ಮೊದಲಾದ ಕೆರೆಗಳು ಆ ಮನೆತನದವರ ಹೆಸರಿನೊಡನೆ ಬೆಸೆದುಕೊಂಡಿವೆ. ಮೂರು ಶತಮಾನ ಕಳೆದ ಮೇಲೆ ಮೈಸೂರಿನ ಮುಖ್ಯ ಎಂಜಿನಿಯರರಾಗಿದ್ದ ಸ್ಯಾಂಕಿ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ 1866ರಲ್ಲಿ ಈ ಸೀಮೆಯನ್ನು ನೋಡಿ ಬೆರಗಾದರು. ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ, ಎಲ್ಲಿ ಕಟ್ಟಿದರೂ ಅದೇ ಸಾಲಿನಲ್ಲಿ ಕೆಳಗಿರುವ ಇನ್ನೊಂದು ಕೆರೆಯ ನೀರನ್ನು ಕಸಿದುಕೊಂಡಂತಾಗುತ್ತದೆ ಎಂಬುದು ಅವರ ವರದಿಯ ತಾತ್ಪರ್ಯ. ಹಾಗೆಂದವರ ಹೆಸರಿನಲ್ಲಿಯೇ, 1876–78ರ ಕ್ಷಾಮದ ಅನುಭವವಾದ ಮೇಲೆ, ದಂಡಿನ ನೀರಿನ ಬರವನ್ನು ನೀಗಲೆಂದು 1882ರಲ್ಲಿ ಒಂದು ಕೆರೆ ಎದ್ದಿತು. ಗಂಧದ ಕೋಟಿಯ ಕೆರೆ ಎಂದೂ ಹೆಸರಾದ ಆ ಸ್ಯಾಂಕಿ ಕೆರೆಯ ಏರಿಯ ಮೇಲೆ ಇಂದು ನಾವು ಸಂಜೆಯ ಗಾಳಿಗೆ ನಡೆದಾಡುತ್ತೇವೆ.

ಇವೆಲ್ಲ ಕಟ್ಟಿದ್ದು ನೀರಾವರಿಗೆ, ಇಲ್ಲವೆ ಕುಡಿಯುವ ನೀರಿಗೆ. ನೆರೆ ತಡೆಯಬೇಕೆಂದು ಯಾರೂ ಕೆರೆ ಕಟ್ಟಲಿಲ್ಲ. ಹಾಗಾದರೆ ನೆರೆಯನ್ನು ಅದು ತಡೆಯುತ್ತಿದ್ದುದು ಹೇಗೆ?

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ನನ್ನ ಗಣಿತದ ಮಿತ್ರರೇ ಇದನ್ನು ತಿದ್ದಿಕೊಟ್ಟಿದ್ದಾರೆ. ಒಂದು ಎಕರೆಯ ಮೇಲೆ ಒಂದು ಅಡಿ ನೀರು ನಿಂತರೆ ಅದು ಸುಮಾರು 12 ಲಕ್ಷ ಲೀಟರು. ನೂರು ಎಕರೆಯ ಕೆರೆಯಲ್ಲಿ ಒಂದೇ ಒಂದು ಅಡಿ ಜಾಗ ಬರಿದಾಗಿದ್ದರೆ 12 ಕೋಟಿ ಲೀಟರು ಅಲ್ಲಿ ತಂಗುತ್ತದೆ. 130 ಮಿಲಿಮೀಟರು ಮಳೆ ಬಿದ್ದರೆ ಒಂದು ಚದರ ಕಿಲೋಮೀಟರಿನ ಮೇಲೆ 13 ಕೋಟಿ ಲೀಟರು ಬಿದ್ದಂತೆ. ಎಂದರೆ ಅಂಥ ಒಂದು ಭಾರಿ ಮಳೆಯ ರಾತ್ರಿ ಒಂದು ಚದರ ಕಿಲೋಮೀಟರಿನಲ್ಲಿ ಸುರಿದದ್ದೆಲ್ಲವೂ, ಒಂದಿಷ್ಟೂ ಇಂಗದೆ ಹರಿದು ಬಂದರೂ, ಹತ್ತಿರ ಹತ್ತಿರ ಆ ಒಂದು ಅಡಿಯೊಳಗೇ ಅಡಗೀತು. ಕೆರೆ ತುಂಬಿದ್ದರೂ ಒಂದಿಷ್ಟು ಉಪಕಾರವುಂಟು: ಮೇಲಿನಿಂದ ರಭಸವಾಗಿ ಬಂದ ನೀರು ಕೆರೆಯ ಅಗಲಕ್ಕೆಲ್ಲ ಹರಡಿ, ಮಟ್ಟ ಏರಿ, ಆಮೇಲೆ ನಿಧಾನವಾಗಿ ಕೋಡಿಯಿಂದ ಇಳಿಯುತ್ತದೆ. ಓಡಿ ಬಂದವನು ನಡೆದು ಹೋಗುತ್ತಾನೆ. ಆದರೂ ನೆರೆಯನ್ನು ನುಂಗುವ ಶಕ್ತಿ ಇರುವುದು ಕೆರೆಯ ನೀರಿನಲ್ಲಲ್ಲ, ಕೆರೆಯ ಬರಿದಿನಲ್ಲಿ.

ಈ ಬರಿದನ್ನು ವರ್ಷವರ್ಷವೂ ಒದಗಿಸುತ್ತಿದ್ದವನು ಗದ್ದೆಯ ಒಕ್ಕಲು. ಬೆಂಗಳೂರಿಗೆ ಹೆಚ್ಚಿನ ಮಳೆ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ. ಆಗ ತುಂಬಿದ ಕೆರೆಯ ನೀರನ್ನು ತೂಬಿನಿಂದ ಬಿಟ್ಟುಕೊಂಡು ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವರು. ಕಾರ್ತಿಕದ ಬೆಳೆಯೆಂದೂ ವೈಶಾಖದ ಬೆಳೆಯೆಂದೂ ಹಳೆಯ ಮೈಸೂರಿನಲ್ಲಿ ಹೆಸರಿದ್ದುದು ಇದಕ್ಕೇ. ವೈಶಾಖದ ಬೆಳೆ ಕೈಗೆ ಬರುವ ಹೊತ್ತಿಗೆ ಕೆರೆಯ ನೀರು ತಳ ಹಿಡಿದಿರುತ್ತಿತ್ತು. ಬೇಸಿಗೆಯಲ್ಲಿ ಅಂಗಳದ ಹೂಳನ್ನು, ಕೆರೆಗೋಡನ್ನು, ಬಂಡಿಗೆ ತುಂಬಿ ಹೊಲಕ್ಕೆ ಗೊಬ್ಬರವಾಗಿ ಹೊಡೆಯುವರು. ಮಳೆಗಾಲ ಬಂದಾಗ ಕೆರೆ ಬಾಯಿ ತೆರೆದು ಕಾಯುತ್ತಿತ್ತು. ಅನ್ನಕ್ಕಾಗಿ ಮಾಡಿದ ಕೆಲಸವೇ ನೆರೆಯ ಕಾವಲೂ ಆಗುತ್ತಿತ್ತು. ಯಾರೂ ಅದಕ್ಕೆ ಬೇರೆ ಹೆಸರು ಕೊಡಲಿಲ್ಲ, ಬೇರೆ ಸಂಬಳವನ್ನೂ ಕೊಡಲಿಲ್ಲ.

ಹಿಂದಿನ ಕಾಲದಲ್ಲಿ ಎಲ್ಲವೂ ಸೊಗಸಾಗಿತ್ತೆಂದು ಹೇಳಲು ನನಗೆ ಮನಸ್ಸಿಲ್ಲ. ಇನ್ನೊಂದು ಬೆಳೆಗೆ ನೀರು ಸಿಗಲೆಂಬ ಆಸೆಗೆ ಕೋಡಿಯ ಕಲ್ಲುಗಳ ನಡುವೆ ಮಣ್ಣು ಮೆತ್ತಿ ಮಟ್ಟ ಏರಿಸುವ ಚಾಳಿ ಹಳ್ಳಿಗಳಲ್ಲಿತ್ತು. ಹಿಡಿದರೆ ಬೆಳೆ, ಹಿಡಿಯದಿದ್ದರೆ ಏರಿಯೇ ಹೋಗುವುದು. ಸಾಲುಕೆರೆಗಳಲ್ಲಿ ಮೇಲಿನದೊಂದು ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನದರ ಮೇಲೆ ಬಿದ್ದು ಅದೂ ಒಡೆಯುವುದು. 1903ರ ನವೆಂಬರಿನಲ್ಲಿ ಹೀಗೆಯೇ ಆಯಿತು. ಮೈಸೂರು ಸೀಮೆಯ ಪೂರ್ವದ ಅಂಚಿನ ಕೆರೆಗಳು ಒಡೆದು, ಪಾಲಾರು ಉಕ್ಕಿ, ಕೆಳಗೆ ಮದರಾಸು ಪ್ರಾಂತದ ವಾಣಿಯಂಬಾಡಿ ಊರು ಹಾಳಾಗಿ ಬಹಳ ಮಂದಿ ಸತ್ತರು. ಏರಿ ಕಾಯದಿದ್ದರೆ ಕೊಲ್ಲುತ್ತದೆ. ಇದನ್ನು ಬಲ್ಲವರಾದ್ದರಿಂದಲೇ ಹಿರಿಯರು ಅದರ ಕಾವಲಿಗೆ ಒಬ್ಬ ಮನುಷ್ಯನನ್ನೇ ಇಟ್ಟಿದ್ದರು. ಅವನೇ ನೀರುಗಂಟಿ.

ನನ್ನ ಮನೆ ಇರುವುದು ಊರಿನ ದಕ್ಷಿಣದ ಹೊರಬಡಾವಣೆಯೊಂದರಲ್ಲಿ; ಹುಳಿಮಾವಲ್ಲ, ಇನ್ನೊಂದು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಣ್ಣ ಕೆರೆಯ ಏರಿ ಇದೆ. ಬೆಳಗಿನ ಹೊತ್ತು ಅಲ್ಲಿ ತಿರುಗಾಡುವವರಲ್ಲಿ ಎಂಬತ್ತು ದಾಟಿದ ಒಬ್ಬ ಯಜಮಾನರಿದ್ದಾರೆ. ಬಡಾವಣೆ ಬರುವುದಕ್ಕೆ ಮೊದಲು ಇದ್ದ ಹಳ್ಳಿಯವರು. ಅವರ ತಂದೆ ಈ ಕೆರೆಯ ನೀರುಗಂಟಿಯಾಗಿದ್ದರಂತೆ. ಹುಳಿಮಾವಿನ ಸುದ್ದಿಯಾದ ವಾರವೇ ಅವರ ಜೊತೆ ಹೆಜ್ಜೆ ಹಾಕುತ್ತ, ತುಂಬಿ ನಿಂತ ನೀರನ್ನು ತೋರಿಸಿ, “ಯಜಮಾನರೇ, ನಮ್ಮ ಕೆರೆ ನೋಡಿ, ಎಷ್ಟು ಚೆನ್ನಾಗಿ ತುಂಬಿದೆ!” ಎಂದೆ.

ಅವರು ನಕ್ಕರು. “ತುಂಬಿದ್ರೆ ನಿಮ್ಗೆ ಚೆಂದ ಮೇಷ್ಟ್ರೇ. ನಮ್ಮಪ್ಪಂಗೆ ತುಂಬಿದ ಕೆರೆ ಅಂದ್ರೆ ನಿದ್ದೆ ಬರ್ತಿರ್ಲಿಲ್ಲ. ಲಾಂದ್ರ ಹಿಡ್ಕೊಂಡು ರಾತ್ರಿಯೆಲ್ಲ ಏರಿ ಮೇಲೇ. ಎಲ್ಲಿ ಒಸರ್ತಾ ಐತೆ, ಕೋಡೀಲಿ ಏನು ಸಿಕ್ಕಾಕ್ಕೊಂಡೈತೆ, ಅದೇ ಧ್ಯಾನ. ಕೋಡಿ ಬಿದ್ದ ದಿವ್ಸ ಊರೋರು ಪೂಜೆ ಮಾಡಿ ಪಾಯ್ಸ ಉಣ್ಣೋರು. ಅವ್ನು ಗುದ್ದಲಿ ಬಿಡ್ತಿರ್ಲಿಲ್ಲ.”

“ಈಗ ಯಾರು ನೋಡಿಕೊಳ್ಳುತ್ತಾರೆ?” ಎಂದೆ.

“ಈಗ ತಿರುಗಾಡೋಕೆ ಬರ್ತಾರಲ್ಲ!” ಎಂದು ಮತ್ತೆ ನಕ್ಕರು.

ನಾನು ನಗಲಾರದೆ ಹೋದೆ. ಅದಕ್ಕೆ ಕಾರಣವನ್ನು ಆಮೇಲೆ ಹೇಳುತ್ತೇನೆ.

ಕೆರೆಗಳು ಕಣ್ಮರೆಯಾದ ಕತೆ ಬೆಂಗಳೂರಿನವರಿಗೆ ಬಾಯಿಪಾಠ. ಧರ್ಮಾಂಬುಧಿಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ, ಕರಗದ ಸಂಪ್ರದಾಯಕ್ಕೆಂದು ಉಳಿದ ಒಂದು ಪುಟ್ಟ ಕೊಳ. ಅಕ್ಕಿತಿಮ್ಮನಹಳ್ಳಿಯ ಕೆರೆಯಲ್ಲಿ ಹಾಕಿ ಮೈದಾನ. ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಬಯಲು. ಉಳಿದ ಕೆರೆಗಳನ್ನು ಕಾಪಾಡಬೇಕೆಂದು ಲಕ್ಷ್ಮಣರಾಯರ ಸಮಿತಿ 1980ರ ದಶಕದಲ್ಲಿಯೇ ಶಿಫಾರಸು ಮಾಡಿತು. ಆದರೆ ನನಗೆ ಹೆಚ್ಚು ಚಿಂತೆಗೆ ಹಚ್ಚಿದ್ದು ಹೋದ ಕೆರೆಗಳಲ್ಲ, ಉಳಿದ ಕೆರೆಗಳ ಪಾಡು.

ಉಳಿದ ಕೆರೆಗೆ ಏರಿ ಇದೆ, ನೀರಿದೆ, ಅಚ್ಚುಕಟ್ಟಿಲ್ಲ. ಗದ್ದೆಯಿದ್ದಲ್ಲಿ ಮನೆಗಳಿವೆ. ಆದ್ದರಿಂದ ತೂಬನ್ನು ತೆರೆಯುವವರಿಲ್ಲ. ತೆರೆದರೂ ನೀರು ಹೋಗಲು ಕಾಲುವೆಯಿಲ್ಲ. ಎಷ್ಟೋ ಕೆರೆಗಳಿಗೆ ಬಚ್ಚಲ ನೀರು ಹನ್ನೆರಡು ತಿಂಗಳೂ ಬಂದು ಸೇರುತ್ತದೆ. ಹೀಗಾಗಿ ಬೇಸಿಗೆಯಲ್ಲಿಯೂ ಕೆರೆ ತುಂಬಿಯೇ ಇರುತ್ತದೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿದ್ದನ್ನೂ 2015, 2017, 2018ರಲ್ಲಿ ಬೆಂಕಿ ಹತ್ತಿ ಉರಿದದ್ದನ್ನೂ ಲೋಕವೆಲ್ಲ ನೋಡಿತು. ಅದರ ಕೊಳಕನ್ನು ಕಂಡವರು, ಅದು ಮಳೆಗಾಲಕ್ಕೆ ಮೊದಲೇ ತುಂಬಿರುತ್ತಿದ್ದುದನ್ನು ಅಷ್ಟಾಗಿ ಗಮನಿಸಲಿಲ್ಲ. ಮಳೆ ಬಂದಾಗ ಅಲ್ಲಿ ಜಾಗವಿರುತ್ತಿರಲಿಲ್ಲ. ಹೊಟ್ಟೆ ತುಂಬಿದವನಿಗೆ ಹಬ್ಬದ ಎಲೆ ಹಾಕಿದಂತೆ.

ಇತ್ತ ಕೋಡಿಯಿಂದ ಹೊರಟ ನೀರಿಗೆ ದಾರಿಯೂ ಕಿರಿದಾಯಿತು. ಮಹಾಲೇಖಪಾಲರು 2021ರಲ್ಲಿ ಒಪ್ಪಿಸಿದ ವರದಿಯಲ್ಲಿ ಇದರ ಲೆಕ್ಕವಿದೆ. ಕೋರಮಂಗಲದ ಕಣಿವೆಯಲ್ಲಿ 1900ರ ಸುಮಾರಿಗೆ 113 ಕಿಲೋಮೀಟರು ಇದ್ದ ನೀರಿನ ದಾರಿಗಳು 2016–17ರ ವೇಳೆಗೆ 63 ಕಿಲೋಮೀಟರಿಗೆ ಇಳಿದಿವೆ. ವೃಷಭಾವತಿಯ ಕಣಿವೆಯಲ್ಲಿ 226 ಇದ್ದದ್ದು 112. ಕೆರೆಗೆ ಹೊಟ್ಟೆಯಲ್ಲಿ ಜಾಗವಿಲ್ಲ, ಬಾಯಿಯ ಮುಂದೆ ದಾರಿಯಿಲ್ಲ. ಇನ್ನು ನೀರಿಗೆ ಉಳಿದದ್ದು ನಮ್ಮ ಹೊಸಿಲು.

2022ರ ಸೆಪ್ಟೆಂಬರ್ 4ರ ರಾತ್ರಿ ಕಳೆದು 5ರ ಬೆಳಗಾಗುವಷ್ಟರಲ್ಲಿ ನಗರದಲ್ಲಿ 131.6 ಮಿಲಿಮೀಟರು ಮಳೆಯಾಯಿತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳು ನೀರಿನಲ್ಲಿ ಮುಳುಗಿದವು. ಗಣಕಯಂತ್ರದ ಕಂಪನಿಗಳಿಗೆ ಹೋಗುವವರು ಟ್ರ್ಯಾಕ್ಟರು ಹತ್ತಿದರು. ಕೋಟಿಗಟ್ಟಲೆ ಬೆಲೆಯ ಮನೆಗಳವರು ದೋಣಿಯಲ್ಲಿ ಹೊರಬಂದರು. ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಮೇಲೆತ್ತುವ ಯಂತ್ರಗಳಿಗೆ ನೀರು ನುಗ್ಗಿ, ನಗರದ ಬಹುಭಾಗದಲ್ಲಿ ನಲ್ಲಿಗಳು ಬತ್ತಿದವು. ಮನೆಯ ಮುಂದೆ ಸೊಂಟದುದ್ದ ನೀರು, ಒಳಗೆ ಕೈತೊಳೆಯಲು ನೀರಿಲ್ಲ. ಇದಕ್ಕೆ ಮಳೆಯನ್ನು ದೂರುವುದು ಸುಲಭ. ಅಷ್ಟು ಮಳೆಗೆ ಯಾವ ಊರಾದರೂ ಒದ್ದೆಯಾದೀತು, ನಿಜ. ಆದರೆ ಮುಳುಗಿದ ಜಾಗಗಳನ್ನು ಹಳೆಯ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರೆ, ಬಹುಮಟ್ಟಿಗೆ ಅವು ಕೆರೆಯಂಗಳ, ಕೋಡಿಯ ಕಾಲುವೆ, ಅಚ್ಚುಕಟ್ಟಿನ ತಗ್ಗು, ಇವೇ ಆಗಿರುತ್ತವೆ. ನೀರು ಹೊಸ ದಾರಿ ಹುಡುಕಲಿಲ್ಲ. ಹಳೆಯ ದಾರಿಯಲ್ಲಿಯೇ ಬಂದಿತು. ಬೀದಿಯ ಹೆಸರು ಬದಲಾದದ್ದು ಅದಕ್ಕೆ ತಿಳಿದಿರಲಿಲ್ಲ.

ಈಗ ನಾನು ಒಪ್ಪಿಕೊಳ್ಳಬೇಕಾದ ಮಾತು. ಹುಳಿಮಾವಿನ ಏರಿ ಒಡೆಯುವುದಕ್ಕೆ ಎರಡು ವರ್ಷ ಮೊದಲು ನಮ್ಮ ಬೀದಿಯವರೆಲ್ಲ ಸೇರಿ ಒಂದು ಅರ್ಜಿ ಬರೆದಿದ್ದೆವು. ಕೆರೆ ವರ್ಷವಿಡೀ ತುಂಬಿರಬೇಕು. ಕೋಡಿಯನ್ನು ಎರಡು ಅಡಿ ಎತ್ತರಿಸಿದರೆ ಬೇಸಿಗೆಯಲ್ಲಿಯೂ ನೋಟ ಚೆನ್ನಾಗಿರುತ್ತದೆ. ಏರಿಯ ಮೇಲೆ ನೆರಳಿಗೆ ದೊಡ್ಡ ಮರಗಳನ್ನು ನೆಡಬೇಕು ಎಂದು. ಕನ್ನಡದ ಮೇಷ್ಟರೆಂದು ಅರ್ಜಿಯ ಒಕ್ಕಣೆಯನ್ನು ನನಗೇ ವಹಿಸಿದರು. ನಮ್ಮ ಪುಣ್ಯಕ್ಕೆ ಅದರ ಮೇಲೆ ಯಾರೂ ಕ್ರಮ ಕೈಗೊಳ್ಳಲಿಲ್ಲ. ಅರ್ಜಿಯ ಪ್ರತಿ ಇನ್ನೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಓದಿ ನೋಡಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ಒಂದು ತಪ್ಪೂ ಇಲ್ಲ. ಕೇಳಿದ್ದು ಮಾತ್ರ ಮೂರಕ್ಕೆ ಮೂರೂ ತಪ್ಪು. ಹಳ್ಳಿಯವನು ಬೆಳೆಯಾಸೆಗೆ ಕೋಡಿಗೆ ಮಣ್ಣು ಮೆತ್ತುತ್ತಿದ್ದ. ನಾನು ನೋಟದಾಸೆಗೆ ಅದನ್ನೇ ಕೇಳಿದೆ. ಅವನಿಗೆ ಅಪಾಯ ಗೊತ್ತಿತ್ತು. ನನಗೆ ಅದೂ ಗೊತ್ತಿರಲಿಲ್ಲ.

ಕೆರೆಯನ್ನು ಒಣಗಿಸಿಡಬೇಕೆಂದು ನಾನು ಹೇಳುತ್ತಿಲ್ಲ. ಹಕ್ಕಿಗೆ ನೀರು ಬೇಕು, ಸುತ್ತಲಿನ ಬಾವಿಗಳಿಗೆ ಒರತೆ ಬೇಕು, ಕಣ್ಣಿಗೂ ತಂಪು ಬೇಕು. ಆದರೆ ಗದ್ದೆಯವನು ಮಾಡುತ್ತಿದ್ದ ಕೆಲಸವನ್ನು ಈಗ ಬೇರೆ ಯಾರಾದರೂ ಮಾಡಲೇಬೇಕು. ಮುಂಗಾರು ಹಿಂಗಾರುಗಳಿಗೆ ಮುಂಚೆ ಮಟ್ಟವನ್ನು ಒಂದೆರಡು ಅಡಿ ಇಳಿಸಬೇಕು. ಅದಕ್ಕೆ ತೂಬಿಗೆ ಗಟ್ಟಿಯಾದ ಬಾಗಿಲೂ ಅದರ ಮುಂದೆ ತೆರೆದ ಕಾಲುವೆಯೂ ಬೇಕು. ಕೊಳಚೆಯನ್ನು ಬೇರೆ ದಾರಿಗೆ ತಿರುಗಿಸಬೇಕು. ಕೋಡಿಯ ಮುಂದೆ ಸೇರಿದ ಕಸಕಡ್ಡಿಯನ್ನು ತೆಗೆಯಬೇಕು. ಏರಿಯನ್ನು ಬಲ್ಲವರು ಮಾತ್ರ ಮುಟ್ಟಬೇಕು. ಇವೆಲ್ಲ ದೊಡ್ಡ ಅಣೆಕಟ್ಟಿನ ಕೆಲಸಗಳಲ್ಲ, ಶಂಕುಸ್ಥಾಪನೆಗೂ ಒದಗುವುದಿಲ್ಲ. ವರ್ಷವರ್ಷವೂ ಮಾಡಬೇಕಾದ, ಮಾಡಿದರೆ ಯಾರ ಕಣ್ಣಿಗೂ ಬೀಳದ ಕೆಲಸಗಳು. ಬಹುಶಃ ಅದಕ್ಕೇ ನಿಂತುಹೋದವು.

ಗಣಿತದ ಮಿತ್ರರಿಗೆ ಕೊನೆಗೂ ಉತ್ತರ ಹೇಳಿದೆ: “ಕೆರೆ ಇರುವುದರಿಂದ ಅಲ್ಲ ಈ ಗೋಳು, ಕೆರೆಗೆ ಕೆಲಸ ತಪ್ಪಿಸಿದ್ದರಿಂದ.” ಅವರು ಲೆಕ್ಕವನ್ನು ಇನ್ನೊಮ್ಮೆ ನೋಡಿ ತಲೆಯಾಡಿಸಿದರು.

ಯಜಮಾನರು ಈಗಲೂ ಬೆಳಿಗ್ಗೆ ಏರಿಯ ಮೇಲೆ ಸಿಗುತ್ತಾರೆ. ಮಳೆ ಬಂದ ಮರುದಿನ ನಾವಿಬ್ಬರೂ ಮೊದಲು ನೀರಿನ ಕಡೆಗೆ ನೋಡುವುದಿಲ್ಲ. ಕೋಡಿಯವರೆಗೆ ನಡೆದು ಹೋಗಿ, ಅಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ಕನ್ನೂ ಕೊಂಬೆಗಳನ್ನೂ ಕೋಲಿನಿಂದ ಎಳೆದು ಹಾಕಿ, ಆಮೇಲೆ ಹಿಂದಿರುಗುತ್ತೇವೆ.